ಕೆಂಪು ಮುಖದ ಭಟ್ಟ

ನನ್ನ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಹೊಟ್ಟೆಯಲ್ಲಲ್ಲ, ಮುಖದಲ್ಲಿ. ಮಂಗಳಾರತಿ ಮುಗಿಸಿ ತೀರ್ಥ ಕೊಡಲು ತಿರುಗಿದ್ದೆ. ಕುತ್ತಿಗೆಯ ಬುಡದಿಂದ ಬಿಸಿ ಏರಿ ಕೆನ್ನೆ, ಕಿವಿ, ಹಣೆಯವರೆಗೆ ಹಬ್ಬಿತು. ನೋವಿಲ್ಲ, ಜ್ವರವಿಲ್ಲ, ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗೆ. ಎದುರು ನಿಂತಿದ್ದ ಅಜ್ಜಿಯೊಬ್ಬರು ಕೈ ನೀಡುವುದನ್ನು ಮರೆತು ನನ್ನನ್ನೇ ನೋಡಿದರು. ಆಮೇಲೆ ಕೈ ಮುಗಿದರು, ದೇವರಿಗಲ್ಲ, ನನಗೆ. ಸ್ವಾಮಿಯ ತೇಜಸ್ಸು ಭಟ್ಟರ ಮೇಲೆ ಇಳಿದಿದೆ ಎಂದು ಊರಿಗೆಲ್ಲ ಹೇಳಿದರಂತೆ. ಐದು ನಿಮಿಷದಲ್ಲಿ ಬಿಸಿ ಇಳಿಯಿತು. ನನಗೂ ಒಳಗೊಳಗೇ ಸ್ವಲ್ಪ ಹೆಮ್ಮೆಯಾಗಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಗಾಳಿಬೀಡಿನ ಹತ್ತಿರದ ಒಂದು ಸಣ್ಣ ಈಶ್ವರ ದೇವಸ್ಥಾನದ ಪೂಜೆ ನಮ್ಮ ಮನೆಯದು. ಅಜ್ಜ ಘಟ್ಟದ ಕೆಳಗಿನಿಂದ ಬಂದು ಹಿಡಿದ ಕೆಲಸ, ಅಪ್ಪನ ಕೈ ದಾಟಿ ನನಗೆ ಬಂದಿತ್ತು. ಆಗ ನನಗೆ ನಲವತ್ತೊಂದು ವರ್ಷ. ಮನೆಯಲ್ಲಿ ಹೆಂಡತಿ ಭಾಗೀರಥಿ, ಮದುವೆಯ ವಯಸ್ಸಿಗೆ ಬಂದ ಮಗಳು ಶಾಂತೆ, ನಾನು, ಮೂವರೇ. ಮೈಗೆ ಕಾಯಿಲೆ ಎಂಬುದನ್ನೇ ತಿಳಿಯದೆ ಬದುಕಿದವನು ನಾನು. ಮಂಜು ಬೀಳುವ ದಿನಗಳಲ್ಲೂ ತಣ್ಣೀರು ಮಿಂದು ಗರ್ಭಗುಡಿಗೆ ಹೋಗುತ್ತಿದ್ದೆ.

ವಾರಕ್ಕೊಮ್ಮೆ ಬರುತ್ತಿದ್ದ ಆ ಬಿಸಿ ದಿನಕ್ಕೊಮ್ಮೆ ಬರತೊಡಗಿತು. ಅದರ ಬೆನ್ನಿಗೇ ಭೇದಿ. ಪೂಜೆ ಮಾಡುವವನಿಗೆ ಹೊಟ್ಟೆ ಕೆಟ್ಟರೆ ಅದು ಬರಿಯ ಹೊಟ್ಟೆಯ ವಿಷಯವಾಗಿ ಉಳಿಯುವುದಿಲ್ಲ. ಒಂದು ಸಲ ಹೊರಗೆ ಹೋಗಿ ಬಂದರೆ ಮತ್ತೆ ಸ್ನಾನ, ಮತ್ತೆ ಮಡಿಬಟ್ಟೆ, ಮತ್ತೆ ಆಚಮನದಿಂದ ಶುರು. ಮಧ್ಯಾಹ್ನದೊಳಗೆ ಐದು ಸಲ ಮಿಂದ ದಿನಗಳಿವೆ. ಮಡಿಬಟ್ಟೆ ಒಣಗುವಷ್ಟು ಹೊತ್ತೂ ಸಿಗದೆ, ಭಾಗೀರಥಿ ಒಲೆಯ ಮೇಲ್ಗಡೆ ಬಿದಿರು ಗಳ ಕಟ್ಟಿ ಅದರಲ್ಲಿ ಹರವುತ್ತಿದ್ದಳು. ದೇವರ ಎದುರು ನಿಂತರೆ ನನ್ನ ಮೈಯಿಂದ ಹೊಗೆಯ ವಾಸನೆ ಬರುತ್ತಿತ್ತು. ಹಿಂದಿನ ರಾತ್ರಿಯ ಊಟ ಬಿಟ್ಟು ನೋಡಿದೆ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಓಡಬೇಕಾಗುತ್ತಿತ್ತು.

ಆಯುರ್ವೇದದ ಪಂಡಿತರು ಗ್ರಹಣಿ ಎಂದರು. ದಾಳಿಂಬೆ ಸಿಪ್ಪೆಯ ಕಷಾಯ, ಮಜ್ಜಿಗೆ, ಪಥ್ಯ. ಮಡಿಕೇರಿಯಲ್ಲಿ ಒಬ್ಬ ಡಾಕ್ಟರು ಆಮಶಂಕೆ ಎಂದು ಹನ್ನೆರಡು ದಿನ ಸೂಜಿ ಚುಚ್ಚಿದರು. ಇಬ್ಬರೂ ತಮಗೆ ತಿಳಿದದ್ದನ್ನು ಮನಸ್ಸಿಟ್ಟು ಮಾಡಿದರು. ಮುಖ ಕೆಂಪಾಗುತ್ತದೆ ಎಂದು ನಾನು ಹೇಳಿದಾಗ ಇಬ್ಬರೂ ಮತ್ತೆ ಹೊಟ್ಟೆಯ ವಿಷಯಕ್ಕೇ ಮರಳಿದರು. ಹೊಟ್ಟೆಯ ಕಾಯಿಲೆಗೂ ಮುಖಕ್ಕೂ ಏನು ಸಂಬಂಧ?

ಒಂದು ಸೋಮವಾರ ರುದ್ರಾಭಿಷೇಕವಿತ್ತು. ಜ್ವರದಿಂದ ನರಳುತ್ತಿದ್ದ ಕೂಸಿಗಾಗಿ ಒಬ್ಬ ತಾಯಿ ಹರಕೆ ಹೊತ್ತಿದ್ದಳು. ನಮಕದ ಮಂತ್ರ ಅರ್ಧಕ್ಕೆ ಬಂದಿತ್ತು, ಹಾಲಿನ ತಂಬಿಗೆ ಕೈಯಲ್ಲಿತ್ತು. ಹೊಟ್ಟೆ ತಿರುಚಿತು. ತಡೆದೆ, ಮಂತ್ರ ಬೇಗ ಬೇಗ ಹೇಳಿದೆ, ಆಗಲಿಲ್ಲ. ತಂಬಿಗೆ ಇಟ್ಟು ಜನರ ನಡುವೆಯೇ ಹಾದು ಹೊರಗೆ ಓಡಿದೆ. ಮಿಂದು ಬಂದು ನೋಡುವಾಗ ಯಾರೂ ಎದ್ದಿರಲಿಲ್ಲ. ಆ ತಾಯಿ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. ಅರ್ಧಕ್ಕೆ ನಿಂತ ಅಭಿಷೇಕ ಅವಳ ಮಟ್ಟಿಗೆ ಅಪಶಕುನ. ಅವಳ ಕೂಸು ಬದುಕಿತು. ಆದರೆ ಅವಳು ಮತ್ತೆ ನಮ್ಮ ದೇವಸ್ಥಾನಕ್ಕೆ ಬರಲಿಲ್ಲ.

ಅಂದು ಪೂಜೆ ಮುಗಿದ ಮೇಲೆ ತಕ್ಕರು, ಅಂದರೆ ದೇವಸ್ಥಾನದ ಕಾರುಬಾರು ನೋಡುವ ಊರ ಹಿರಿಯರು, ನನ್ನ ಹತ್ತಿರ ಬಂದರು. ಬೇಕಾದ್ದಕ್ಕಿಂತ ಹತ್ತಿರ. ಮೂಸುತ್ತಿದ್ದಾರೆಂದು ನನಗೆ ತಿಳಿಯಿತು.

"ನಾವು ಕುಡಿಯುವ ಜನ ಭಟ್ಟರೇ," ಅಂದರು, ಮೆಲ್ಲಗೆ. "ಕುಡಿದವರ ಮೋರೆ ಹೇಗಿರ್ತದೆ ಅಂತ ನಮಗೆ ಬೇರೆಯವರು ಹೇಳಿ ಕೊಡ್ಬೇಕಾ? ನಿಮಗೆ ಕಷ್ಟ ಇದ್ರೆ ಹೇಳಿ. ಆದ್ರೆ ಗುಡಿಗೆ ಬರುವಾಗ ಬೇಡ."

ನಾನು ಹುಟ್ಟಿದ ಮೇಲೆ ಹೆಂಡ ಮುಟ್ಟಿದವನಲ್ಲ. ಹಾಗೆಂದು ಹೇಳಲು ಹೊರಟೆ. ಸಿಟ್ಟು ಬಂತು, ಸಿಟ್ಟಿನ ಜೊತೆಗೇ ಕುತ್ತಿಗೆಯಿಂದ ಆ ಬಿಸಿ ಏರಿತು. ನನ್ನ ಮುಖ ಅವರ ಕಣ್ಣೆದುರೇ ಕುಂಕುಮದ ಬಣ್ಣಕ್ಕೆ ತಿರುಗಿತು. ಅವರು ತಲೆ ತಗ್ಗಿಸಿ ಹೊರಟುಹೋದರು. ಆಮೇಲಿನ ವರ್ಷಗಳಲ್ಲಿ ಇದೇ ನನ್ನ ಪಾಡಾಯಿತು: ನಿಜ ಹೇಳಲು ಬಾಯಿ ತೆರೆದರೆ ಮುಖವೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಊರಿನಲ್ಲಿ ನನಗೆ ಕೆಂಪು ಮುಖದ ಭಟ್ಟ ಎಂಬ ಹೆಸರು ನಿಂತಿತು.

ಶಾಂತೆಯನ್ನು ನೋಡಲು ಸುಳ್ಯದ ಕಡೆಯಿಂದ ಒಂದು ಮನೆಯವರು ಬಂದಿದ್ದರು. ಹುಡುಗಿ ಒಪ್ಪಿಗೆಯಾಗಿದ್ದಳು. ಊಟಕ್ಕೆ ಕೂತೆವು. ಭಾಗೀರಥಿ ಅಂದು ಮೆಣಸು ಜಾಸ್ತಿ ಹಾಕಿ ಸಾರು ಮಾಡಿದ್ದಳು. ಎರಡು ತುತ್ತು ಇಳಿಯುವಷ್ಟರಲ್ಲಿ ನನ್ನ ಮುಖ, ಎದೆ ಎಲ್ಲ ಹೊತ್ತಿಕೊಂಡವು. ಕಣ್ಣಲ್ಲಿ ನೀರು ಬಂತು. ಹುಡುಗನ ತಂದೆ ಎಲೆಯ ಮೇಲಿನ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಎರಡು ವಾರದ ಮೇಲೆ ಜಾತಕ ಕೂಡುವುದಿಲ್ಲ ಎಂದು ಕಾಗದ ಬಂತು. ನಿಜವಾದ ಕಾರಣವನ್ನು ಭಾಗೀರಥಿಯ ಅಣ್ಣ ಸುಬ್ರಾಯ ತಿಳಿದುಕೊಂಡು ಬಂದು ಹೇಳಿದ. ಕುಡುಕನ ಮನೆಯ ಹೆಣ್ಣು ಬೇಡ ಅಂದಿದ್ದರು.

ಆ ಮಧ್ಯಾಹ್ನ ನಾನು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ. ಭಾಗೀರಥಿ ಬಂದು ಪಕ್ಕದಲ್ಲಿ ಕೂತಳು. ನನ್ನ ಮುಖದ ಮೇಲೆ ಬಾಗಿದಳು. ಉಸಿರನ್ನು ಮೂಸಿದಳು. ಒಂದು ಸಲ, ಮತ್ತೆ ಇನ್ನೊಂದು ಸಲ. ಏನೂ ಸಿಗದೆ ಎದ್ದು ಹೋದಳು. ನಾನು ಕಣ್ಣು ತೆರೆಯಲಿಲ್ಲ. ಈ ಕಾಯಿಲೆಯಲ್ಲಿ ನನ್ನ ಹೊಟ್ಟೆ ಕೊಯ್ದಿದ್ದಾರೆ, ಕರುಳು ಕತ್ತರಿಸಿದ್ದಾರೆ. ಆ ಒಂದು ಗಳಿಗೆಯಷ್ಟು ನೋವು ಯಾವುದೂ ಕೊಡಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಆಮೇಲೆ ಭೇದಿಯೇ ನಿಂತಿತು, ಆದರೆ ಗುಣವಾಗಿ ಅಲ್ಲ. ಹೊಟ್ಟೆ ಉಬ್ಬಿ ತಮಟೆಯಂತಾಯಿತು. ಗುಡುಗುಡು ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು. ನೋವು ಅಲೆಯಂತೆ ಬಂದು ತಿರುಚಿ ಹೋಗುವುದು. ಕುಡಿದ ನೀರು ಕೂಡ ಹೊರಗೆ. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಡಿಕೇರಿಗೆ ಒಯ್ದರು. ಹಿಂದೆ ಸೂಜಿ ಚುಚ್ಚಿದ್ದ ಡಾಕ್ಟರೇ ಹೊಟ್ಟೆ ಒತ್ತಿ ನೋಡಿದರು. ಬಲಗಡೆ ಕೆಳಗೆ ಅವರ ಬೆರಳು ನಿಂತಿತು. ಗಂಟು ಇದೆ, ಕರುಳು ಕಟ್ಟಿದೆ, ಈಗಲೇ ಮೈಸೂರಿಗೆ ಹೊರಡಿ ಎಂದರು. ಸುಬ್ರಾಯ ಮಡಿಕೇರಿ ಕಚೇರಿಯಲ್ಲಿ ಗುಮಾಸ್ತ. ರಜೆ ಬರೆದುಕೊಟ್ಟು ನಮ್ಮ ಜೊತೆ ಹೊರಟ.

ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಲು ಉರಿಸಿ ಓಡುತ್ತಿದ್ದವು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ನಾನೊಬ್ಬ ಸೀಟಿನ ಮೇಲೆ ಮುದುಡಿ ಮಲಗಿದ್ದೆ. ಕಿಟಕಿಯ ಹೊರಗೆ ಸುಂಟಿಕೊಪ್ಪ ಹೋಯಿತು, ಹೊಳೆ ದಾಟಿದೆವು, ಬಯಲು ಬಂತು. ಪ್ರತಿಯೊಂದು ಕುಲುಕಿಗೂ ಭಾಗೀರಥಿ ನನ್ನ ಹೊಟ್ಟೆಯ ಮೇಲೆ ಅಂಗೈ ಇಡುತ್ತಿದ್ದಳು.

ಆಸ್ಪತ್ರೆಯ ಜಗಲಿಯಲ್ಲಿ ಒಂದು ಉದ್ದ ಬೆಂಚು. ಒಬ್ಬರು ಒಳಗೆ ಹೋದರೆ ಉಳಿದವರೆಲ್ಲ ಒಂದು ಜಾಗ ಸರಿಯಬೇಕು. ವಾಂತಿಗೆಂದು ಎದ್ದರೆ ನನ್ನ ಜಾಗ ಹೋಗುತ್ತಿತ್ತು. ಪಕ್ಕದಲ್ಲಿ ಸುಂಟಿಕೊಪ್ಪದ ಒಬ್ಬ ಮಾಪಿಳ್ಳೆ ವ್ಯಾಪಾರಿ ಕೂತಿದ್ದರು. ಹೆಂಡತಿಯನ್ನು ಗಂಟಲಿನ ಕಾಯಿಲೆಗೆ ಕರೆತಂದಿದ್ದರು. ನಾನು ಎರಡನೇ ಸಲ ಎದ್ದಾಗ ತಮ್ಮ ತಲೆಯ ಟೊಪ್ಪಿ ತೆಗೆದು ನನ್ನ ಜಾಗದಲ್ಲಿಟ್ಟರು. "ಹೋಗಿ ಬನ್ನಿ ಭಟ್ಟರೇ, ಟೊಪ್ಪಿಯ ಮೇಲೆ ಯಾರೂ ಕೂರುದಿಲ್ಲ," ಅಂದರು. ಅವರ ಹೆಸರು ಕೇಳಲು ನನಗೆ ಶಕ್ತಿಯಿರಲಿಲ್ಲ. ಅವರ ಹೆಂಡತಿ ಉಳಿಯಲಿಲ್ಲವೆಂದು ಆಮೇಲೆ ತಿಳಿಯಿತು.

ಸರ್ಜನ್ ನೋಡಿ ಅಂದೇ ಆಪರೇಷನ್ ಎಂದರು. ಗ್ರೇಸಮ್ಮ ಎಂಬ ನರ್ಸು ನನ್ನನ್ನು ಸಿದ್ಧಪಡಿಸಲು ಬಂದರು. ಮೈಮೇಲೆ ಏನೂ ಇರಬಾರದು, ಜನಿವಾರವೂ ಸಹ. ನನ್ನ ಕೈ ಎದೆಯ ಮೇಲೆಯೇ ನಿಂತಿತು. ಜೀವ ಹೋಗುವ ಹೊತ್ತಿನಲ್ಲಿ ದಾರಕ್ಕೆ ಅಂಟಿಕೊಂಡಿದ್ದೇನೆಂದು ನನಗೇ ನಾಚಿಕೆಯಾಯಿತು. ಆಕೆ ಏನೂ ವಾದ ಮಾಡಲಿಲ್ಲ. ಜನಿವಾರವನ್ನು ಭುಜದಿಂದ ಜಾರಿಸಿ, ಮಡಚಿ, ಬಲ ಮುಂಗೈಗೆ ಸುತ್ತಿ ಮೇಲಿಂದ ಬಟ್ಟೆಯ ಪಟ್ಟಿ ಕಟ್ಟಿದರು. "ಇಲ್ಲಿದ್ರೆ ಡಾಕ್ಟರಿಗೆ ತೊಂದ್ರೆ ಇಲ್ಲ," ಅಂದರು. ಆಮೇಲೆ ಮೂಗಿನ ಮೇಲೆ ಜರಡಿಯಂಥದೊಂದು ಬಂತು, ತಲೆ ಸಿಡಿಸುವ ಸಿಹಿ ವಾಸನೆ. ರುದ್ರ ಹೇಳಿಕೊಳ್ಳಲು ಶುರು ಮಾಡಿದೆ. ಎರಡನೆಯ ಸಾಲು ನೆನಪಾಗಲಿಲ್ಲ.

ಎಚ್ಚರವಾದಾಗ ಬಾಯಿ ಒಣಗಿ ನಾಲಗೆ ಅಂಟಿತ್ತು. ಗ್ರೇಸಮ್ಮ ಒದ್ದೆ ಬಟ್ಟೆಯಿಂದ ತುಟಿ ಒರೆಸಿದರು. ಯಾರ ಕೈಯ ನೀರೆಂದು ನಾನು ಯೋಚಿಸಲಿಲ್ಲ. ಹತ್ತು ದಿನ ಅವರ ಕೈಯ ಗಂಜಿ ಕುಡಿದೆ.

ಸರ್ಜನ್ ಮೊದಲು ಸುಬ್ರಾಯನನ್ನು ಕರೆದು ಇಂಗ್ಲಿಷಿನಲ್ಲಿ ಹೇಳಿದರು. ಹೊರಗೆ ಬಂದ ಸುಬ್ರಾಯ ನನ್ನ ಕಡೆ ನೋಡದೆ ಕಿಟಕಿಯ ಹತ್ತಿರ ಹೋಗಿ ನಿಂತ. ಅವನ ಬೆನ್ನು ನೋಡಿ ನನಗೆ ಅರ್ಧ ತಿಳಿಯಿತು. ಉಳಿದರ್ಧವನ್ನು ನಾನೇ ಕೇಳಿದೆ. ಸರ್ಜನ್ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ವಯಸ್ಸಾದವರು, ಮೈಸೂರಿನ ಮೃದು ಮಾತು.

"ನಿಮ್ಗೆ ಸುಳ್ಳು ಹೇಳೋದಿಲ್ಲ. ಕರುಳಲ್ಲಿ ಅಡಿಕೆಯಷ್ಟು ದೊಡ್ಡ ಒಂದು ಗಂಟಿತ್ತು, ಕೊಯ್ದ್ರೆ ಹಳದಿ. ಅದರ ಎರಡು ಕಡೆ ಒಂದು ಗೇಣು ಕರುಳನ್ನೂ ಸೇರ್ಸಿ ತೆಗೆದು ಹೊಲಿದಿದ್ದೀನಿ. ಆದ್ರೆ ಅದು ಈಗಾಗ್ಲೇ ಈಲಿಗೆ, ಅಂದ್ರೆ ಲಿವರಿಗೆ, ಹೋಗಿದೆ. ಈಲಿ ತುಂಬ ಬೀಜ ಬಿತ್ತಿದ ಹಾಗೆ ಇದೆ. ಅದನ್ನ ತೆಗೆಯೋಕೆ ನನ್ನ ಕೈಲಾಗೋದಿಲ್ಲ."

ಯಾರ ಕೈಲಾಗುತ್ತದೆ ಎಂದು ಕೇಳಿದೆ. ಯಾರ ಕೈಲೂ ಇಲ್ಲ ಎಂದರು. ಗಂಟಿನ ಚೂರನ್ನು ಆಪರೇಷನ್ ಆದ ಕೂಡಲೇ ಮದರಾಸಿಗೆ ಕಳಿಸಿ ನೋಡಿಸಿದ್ದರು, ಅದರ ಹೆಸರು ಕಾರ್ಸಿನಾಯ್ಡ್ ಎಂದು ತಿಳಿಸಿದರು. ಕ್ಯಾನ್ಸರಿನ ದಾಯಾದಿ, ಆದರೆ ನಿಧಾನದ್ದು. ತಿಂಗಳಲ್ಲಿ ಕೊಲ್ಲುವುದಿಲ್ಲ, ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಎಷ್ಟು ವರ್ಷ ಎಂಬುದಕ್ಕೆ ಅವರ ಹತ್ತಿರ ಉತ್ತರವಿರಲಿಲ್ಲ. ತಾವು ಇದನ್ನು ಕಣ್ಣಾರೆ ಕಂಡದ್ದು ಇದೇ ಮೊದಲು ಎಂದರು. ಅವರು ಮಾತಾಡುತ್ತಿದ್ದಾಗಲೇ ನನ್ನ ಮುಖ ಕೆಂಪಾಯಿತು. ಅವರು ಹತ್ತಿರ ಬಾಗಿ ನೋಡಿದರು. ಇದು ಯಾವಾಗಿನಿಂದ ಎಂದು ಕೇಳಿದರು. ಎರಡು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ನನ್ನ ಕೆಂಪು ಮುಖ ನೋಡಿ ಪ್ರಶ್ನೆ ಕೇಳಿದ್ದ. ನಾನು ಎಲ್ಲವನ್ನೂ ಹೇಳಿದೆ. ಅವರು ಬರೆದುಕೊಂಡರು.

ಭಾಗೀರಥಿಗೆ ಸುಬ್ರಾಯ ಏನು ಹೇಳಿದನೋ ತಿಳಿಯದು. ಅವಳು ಬಂದು ಕಾಲ ಬುಡದಲ್ಲಿ ಕೂತು, "ನಾನೂ ಅನುಮಾನ ಪಟ್ಟೆ," ಎಂದಷ್ಟೇ ಅಂದಳು. ಗೊತ್ತು ಎಂದೆ. ನಾವು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಊರಿಗೆ ಮರಳಿದ ಮೇಲೆ ಆರು ತಿಂಗಳು ಹೊಟ್ಟೆ ಸುಮ್ಮನಿತ್ತು. ಗುಣವಾದೆನೇನೋ ಎಂಬ ಆಸೆ ಹುಟ್ಟಿತು. ಸರ್ಜನ್ ಹೇಳಿದ್ದನ್ನು ನನ್ನ ಕಿವಿಯಿಂದಲೇ ಕೇಳಿದ್ದರೂ ಆಸೆ ಹುಟ್ಟಿತು. ಆಮೇಲೆ ಭೇದಿ ಮತ್ತೆ ಶುರುವಾಯಿತು, ಮೊದಲಿಗಿಂತ ಜಾಸ್ತಿ. ಗುಡಿಯ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಪೂಜೆ ತಪ್ಪಿದ ದಿನಗಳು ಹೆಚ್ಚಾದವು. ಒಂದು ಬೆಳಿಗ್ಗೆ ತಕ್ಕರು ಅಂಗಳಕ್ಕೆ ಬಂದು ನಿಂತರು. ಒಳಗೆ ಕರೆದರೂ ಬರಲಿಲ್ಲ.

"ನಿಮ್ಮನ್ನ ತೆಗೆದು ಹಾಕುದಲ್ಲ ಭಟ್ಟರೇ," ಅಂದರು. "ದೇವರ ತಲೆ ಮೇಲೆ ದಿನಾ ನೀರು ಬೀಳ್ಬೇಕು. ಅಷ್ಟೆ."

ಅವರ ಕಣ್ಣು ನೆಲದ ಮೇಲಿತ್ತು. ನಾನು ಒಳಗೆ ಹೋಗಿ ಗುಡಿಯ ಬೀಗದ ಕೈ ತಂದು ಕೊಟ್ಟೆ. ಅಜ್ಜನ ಕಾಲದ ಕೈ, ಹಿಡಿಯ ಕಡೆ ಸವೆದು ತೆಳ್ಳಗಾಗಿತ್ತು. ಭಾಗಮಂಡಲದ ಕಡೆಯಿದ್ದ ನನ್ನ ಚಿಕ್ಕಪ್ಪನ ಮಗ ಪೂಜೆಗೆ ಬಂದ. ಮಂತ್ರ ಸ್ಪಷ್ಟವಾಗಿ ಹೇಳುತ್ತಾನೆ, ಒಳ್ಳೆಯವನು. ಬೆಳಿಗ್ಗೆ ಅವನ ಗಂಟೆಯ ಸದ್ದು ಮನೆಗೆ ಕೇಳಿಸುತ್ತದೆ. ಆ ಹೊತ್ತಿಗೆ ನಾನು ಹೆಚ್ಚಾಗಿ ಹಿತ್ತಲಿನಲ್ಲಿರುತ್ತೇನೆ.

ಈ ಕಾಯಿಲೆಯ ಜೊತೆ ಬಾಳುವುದನ್ನು ನಾಲ್ಕು ವರ್ಷದಲ್ಲಿ ಕಲಿತೆ. ಖಾರ ಕೂಡದು, ಬಿಸಿ ಕಾಫಿ ಕೂಡದು. ಅಷ್ಟನ್ನು ಯಾರಾದರೂ ಬಿಡಬಹುದು. ಸಿಟ್ಟು ಕೂಡದು, ಅಳು ಕೂಡದು, ಸಂತೋಷವೂ ಕೂಡದು. ಮನಸ್ಸು ಯಾವ ಕಡೆ ಅಲುಗಿದರೂ ಮುಖ ಹೊತ್ತಿಕೊಂಡು ಹೊಟ್ಟೆ ಹರಿಯುತ್ತದೆ. ಶಾಂತೆಗೆ ಕೊನೆಗೂ ಪುತ್ತೂರಿನ ಒಬ್ಬ ಮೇಷ್ಟರ ಸಂಬಂಧ ಕೂಡಿ ಬಂತು. ಈ ಸಲ ಸುಬ್ರಾಯ ಮೊದಲೇ ಹೋಗಿ ಎಲ್ಲವನ್ನೂ ಬಿಚ್ಚಿ ಹೇಳಿದ್ದ. "ಕಾಯಿಲೆ ಯಾರ ಮನೇಲಿ ಇಲ್ಲ?" ಎಂದರಂತೆ ಹುಡುಗನ ತಾಯಿ. ಆದರೆ ಧಾರೆಯ ಹೊತ್ತಿಗೆ ಮಗಳ ಕೈ ಹಿಡಿದದ್ದೇ ನನ್ನ ಎದೆ ತುಂಬಿತು, ಎದೆ ತುಂಬಿದ್ದೇ ಹೊಟ್ಟೆ ತಿರುಚಿತು. ಎದ್ದು ಹೋದೆ. ಮುಹೂರ್ತ ಕಾಯುವುದಿಲ್ಲ, ಸುಬ್ರಾಯ ಧಾರೆ ಎರೆದ. ಹಿತ್ತಲಿನ ತಡಿಕೆಯ ಹಿಂದೆ ಕೂತು ನಾನು ಗಟ್ಟಿಮೇಳ ಕೇಳಿದೆ.

ಇದೇ ಕಾಯಿಲೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಧೈರ್ಯ ಹೇಳಲು ನನ್ನಲ್ಲಿ ಏನೂ ಇಲ್ಲ. ಜೀವಮಾನವಿಡೀ ಬೇರೆಯವರಿಗೆ ದೇವರಿದ್ದಾನೆ ಎನ್ನುತ್ತ ಪ್ರಸಾದ ಕೊಟ್ಟವನು ನಾನು. ನನ್ನ ಸರದಿ ಬಂದಾಗ ಆ ಮಾತು ಬಾಯಿಗೆ ಬರುವುದಿಲ್ಲ. ಮೊದಲು ಗುಣ ಮಾಡೆಂದು ಬೇಡಿದೆ, ಆಮೇಲೆ ಬೇಗ ಮುಗಿಸೆಂದು ಬೇಡಿದೆ, ಈಗ ಬೇಡುವುದನ್ನೇ ಬಿಟ್ಟಿದ್ದೇನೆ. ಒಂದು ಮಾತು ಮಾತ್ರ ಹೇಳಬಲ್ಲೆ. ಊರು ನಿಮ್ಮನ್ನು ಏನೆಂದರೂ, ನೀವು ಸುಳ್ಳು ಹೇಳುತ್ತಿಲ್ಲವೆಂದು ನಾನು ಬಲ್ಲೆ.

ಈ ವರ್ಷ ಕಾಲು ಬಾತುಕೊಳ್ಳಲು ಶುರುವಾಯಿತು. ಬಲಪಕ್ಕೆಯ ಕೆಳಗೆ ಈಲಿ ಕಲ್ಲಿನಂತೆ ಕೈಗೆ ಸಿಗುತ್ತದೆ. ಸುಬ್ರಾಯ ಅದನ್ನೆಲ್ಲ ಸರ್ಜನ್‌ಗೆ ಬರೆದ. ಉತ್ತರ ಬಂತು, ಅವನೇ ಓದಿ ಹೇಳಿದ. ನಿಮ್ಮ ಮುಖದ ಕೆಂಪಿಗೂ, ಭೇದಿಗೂ, ಈಲಿಯ ಗಂಟುಗಳಿಗೂ ಏನೋ ಸಂಬಂಧವಿದೆಯೆಂದು ನನಗೆ ಅಂದಿನಿಂದಲೂ ಅನುಮಾನ, ಯಾವ ಪುಸ್ತಕದಲ್ಲೂ ಅದು ಬರೆದಿಲ್ಲ ಎಂದಿದ್ದರು. ಔಷಧ ನನ್ನಲ್ಲಿಲ್ಲ, ನೋವಿಗೆ ಮಾತ್ರ ಏನಾದರೂ ಮಾಡಬಲ್ಲೆ. ಕೊನೆಯ ದಿನಗಳಿಗೆ ಇಲ್ಲಿಗೇ ಬಂದು ಇರಿ. ಆಮೇಲೆ, ನೀವೂ ಮನೆಯವರೂ ಒಪ್ಪಿದರೆ, ದೇಹವನ್ನು ತೆರೆದು ನೋಡಲು ಬಿಡಿ. ಒಪ್ಪದಿದ್ದರೆ ನಾನು ತಪ್ಪು ತಿಳಿಯುವುದಿಲ್ಲ, ಆಸ್ಪತ್ರೆಯಲ್ಲಿ ನಿಮಗೆ ಹಾಸಿಗೆ ಹೇಗೂ ಇದೆ ಎಂದು ಬರೆದಿದ್ದರು.

ಸುಬ್ರಾಯ ಕಾಗದ ಮಡಚಿ ನೆಲದ ಮೇಲಿಟ್ಟ. ಹೆಣ ಕೊಯ್ದ ಮೇಲೆ ಕ್ರಿಯೆಗೆ ಯಾರು ಬರುತ್ತಾರೆ, ದಾಯಾದಿಗಳು ಏನೆನ್ನುತ್ತಾರೆ, ಮನೆಯಲ್ಲಿ ಸಾಯುವ ಭಾಗ್ಯವನ್ನೂ ಬಿಡುತ್ತೀಯಾ ಎಂದು ಕೇಳಿದ. ಅವನು ಕೇಳಿದ ಒಂದೊಂದನ್ನೂ ನಾನೂ ನನ್ನನ್ನು ಕೇಳಿಕೊಂಡಿದ್ದೆ. ಒಪ್ಪುವ ಮನಸ್ಸಿತ್ತು, ಆದರೆ ಅದನ್ನು ಬಾಯಿಬಿಟ್ಟು ಹೇಳಲು ಭಾಗೀರಥಿಯ ಮುಖ ನೋಡಬೇಕಾಗಿತ್ತು.  ನಾಲ್ಕನೆಯ ದಿನ ಅವಳು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಕೈ ನಿಲ್ಲಿಸದೆ ಹೇಳಿದಳು:

"ನಿಮಗೆ ಎಂತ ಆಗಿದೆ ಅಂತ ಹೇಳುವವರು ಒಬ್ರೂ ಇರ್ಲಿಲ್ಲ. ಇನ್ನು ಬರುವವರಿಗಾದ್ರೂ ಇರ್ಲಿ. ಆದ್ರೆ ನಿಮ್ಮನ್ನ ಅಲ್ಲಿ ಬಿಟ್ಟು ನಾನು ಬರುದಿಲ್ಲ. ಅವರು ನೋಡಿ ಆದ ಮೇಲೆ ಎಷ್ಟು ಉಳಿದ್ರೂ, ನಾನೇ ತರ್ತೇನೆ."

ನನ್ನ ಮುಖ ಕೆಂಪಾಯಿತು. ಅವಳು ಎದ್ದು ತಣ್ಣೀರಿನ ಬಟ್ಟೆ ಹಿಂಡಿ ತಂದು ಕುತ್ತಿಗೆಗೆ ಇಟ್ಟಳು.

ಒಪ್ಪಿಗೆಯ ಕಾಗದ ಹೋಗಿ ಎಂಟು ದಿನವಾಯಿತು. ಬಾವು ಮೊಣಕಾಲು ದಾಟಿದೆ, ಇನ್ನು ತಡ ಮಾಡುವಂತಿಲ್ಲ. ಮೈಸೂರಿಗೆ ಹೋಗಲು ಸೋಮವಾರದ ಬಸ್ಸಿನಲ್ಲಿ ಸುಬ್ರಾಯ ನಮಗೆ ಎರಡು ಸೀಟು ಹೇಳಿದ್ದಾನೆ. ಮರಳಿ ಬರುವಾಗಿನದ್ದನ್ನು ಭಾಗೀರಥಿ ನೋಡಿಕೊಳ್ಳುತ್ತಾಳೆ.